‘ಸ್ಯಾಚುರೇಷನ್ ಬೀಳ್ತಿದೆ ಸರ್’ ಅಂತ ಎಷ್ಟು ಸಲ ಹೇಳಬೇಕು?

ಓಟಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಅನಸ್ತೇಶಿಯಾ (ಅರಿವಳಿಕೆ) ಟೆಕ್ನಾಲಜಿ ಮುಗಿಸಿ ನಾಲ್ಕು ವರ್ಷ ಆಯಿತು. ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮಿನ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಕೆಲಸ. ನಮ್ಮಲ್ಲಿ ಖಾಯಂ ಅನಸ್ತೇಶಿಯಾ ಡಾಕ್ಟರ್ ಇಲ್ಲ. ಕೇಸ್ ಇದ್ದಾಗ ಫೋನ್ ಮಾಡುತ್ತೇವೆ. ಐದಾರು ಜನರಲ್ಲಿ ಯಾರಿಗೆ ಬಿಡುವೋ ಅವರು ಬರುತ್ತಾರೆ.

ಕಳೆದ ವಾರ ಪಿತ್ತಕೋಶದ ಕೇಸ್. ರೋಗಿ ದಪ್ಪಗಿದ್ದರು, ಗಿಡ್ಡ ಕತ್ತು. ಬಂದ ಸರ್‌ ಅವರನ್ನು ನಾನು ನೋಡಿದ್ದು ಅವತ್ತೇ ಮೊದಲು. ಅವರಿಗೆ ಅದು ಆ ದಿನದ ನಾಲ್ಕನೇ ಆಸ್ಪತ್ರೆ. ಬಂದರು, ಗ್ಲೌಸ್ ಹಾಕಿಕೊಂಡರು, ‘ಎಲ್ಲಾ ಲೋಡ್ ಆಗಿದೆಯಾ?’ ಅಂದರು, ಶುರು.

ಮೊದಲ ಸಲ ಉಸಿರಿನ ಟ್ಯೂಬ್ ಶ್ವಾಸನಾಳಕ್ಕೆ ಹೋಗಲಿಲ್ಲ. ಎರಡನೇ ಸಲ ಬ್ಲೇಡ್ (ನಾಲಿಗೆ ಎತ್ತಿ ಗಂಟಲು ನೋಡುವ ಸಲಕರಣೆ) ಹಾಕಿ ದಾರಿ ಹುಡುಕುತ್ತಿದ್ದಾರೆ. ನಾನು ಬೂಜಿ (ಟ್ಯೂಬ್ ಒಳಹೋಗಲು ದಾರಿ ಮಾಡುವ ಉದ್ದ ಕಡ್ಡಿ) ಕೈಯಲ್ಲಿ ಹಿಡಿದು ನಿಂತಿದ್ದೇನೆ. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೂರಕ್ಕೆ ಇಷ್ಟು ಅಂತ) 94, 91, 86. ‘ಸರ್, ಸ್ಯಾಚುರೇಷನ್ ಬೀಳ್ತಿದೆ’ ಅಂದೆ. ‘ಹ್ಞೂಂ’ ಅಂದರು. ಇನ್ನೊಂದು ಸಲ ಅಂದೆ. ಉತ್ತರವೇ ಇಲ್ಲ. 78ಕ್ಕೆ ಬಂದಾಗ ನನಗೆ ಗೊತ್ತಿಲ್ಲದೆಯೇ ಜೋರಾಗಿ ಕೂಗಿಬಿಟ್ಟೆ. ಆಗ ಬ್ಲೇಡ್ ತೆಗೆದು ಮಾಸ್ಕ್ ಹಿಡಿದರು. ಮೇಲೆ ಬಂತು. ಆಮೇಲೆ ಬೂಜಿ ಮೇಲೆಯೇ ಟ್ಯೂಬ್ ಹೋಯಿತು. ರೋಗಿ ಆರಾಮಾಗಿ ಮನೆಗೆ ಹೋದರು.

ಕೇಸ್ ಮುಗಿದ ಮೇಲೆ ಸರ್ ಹೇಳಿದ್ದು: ‘ನೀನು ಗಾಬರಿಯಾಗಿ ನನ್ನನ್ನೂ ಗಾಬರಿ ಮಾಡಬೇಡ.’ ನಮ್ಮ ಸಿಸ್ಟರ್ ಕೂಡ ‘ನಿನಗ್ಯಾಕೆ, ಸುಮ್ನೆ ಇರಬೇಕಿತ್ತು’ ಅಂದರು. ನನ್ನದು ತಪ್ಪಾ? ತಪ್ಪಲ್ಲ ಅಂದರೆ ಹೇಗೆ ಹೇಳಬೇಕಿತ್ತು?

ಮಲೆನಾಡ ಅರಿವಳಿಕೆ

ತಪ್ಪಲ್ಲ ಕಣಮ್ಮಾ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆ ಸರ್ ಜಾಗದಲ್ಲಿ ನಾನೂ ನಿಂತಿದ್ದೇನೆ. ಅದಕ್ಕೇ ಅವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಬ್ಲೇಡ್ ಹಿಡಿದು ಬಗ್ಗಿದಾಗ ಇಡೀ ಜಗತ್ತು ಆ ಒಂದು ಸಣ್ಣ ತೂತಿನಷ್ಟೇ ಆಗುತ್ತದೆ. ‘ಇನ್ನೊಂದು ಚೂರು, ಈಗ ಕಾಣುತ್ತೆ’ ಅನ್ನಿಸುತ್ತಲೇ ಇರುತ್ತದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡ್, ಗಡಿಯಾರದಲ್ಲಿ ಒಂದೂವರೆ ನಿಮಿಷ. ಕಿವಿ ಕೇಳಿಸುವುದಿಲ್ಲ ಅಂತಲ್ಲ, ಕೇಳಿದ್ದು ಒಳಗೆ ಇಳಿಯುವುದಿಲ್ಲ. ನಿನ್ನ ಮಾತಿಗೆ ಬಂದ ‘ಹ್ಞೂಂ’ ಅಂಥದ್ದೇ. ಹೊಸಬರು ಮಾತ್ರ ಹೀಗೆ ಅಂದುಕೊಳ್ಳಬೇಡ, ಅನುಭವ ಇದ್ದವರಿಗೆ ‘ನನ್ನ ಕೈಲಿ ಆಗುತ್ತೆ’ ಅನ್ನೋ ಹಟವೂ ಜೊತೆಗೆ ಇರುತ್ತದೆ.

‘ಬೀಳ್ತಿದೆ’ ಅನ್ನೋದು ಸುದ್ದಿ. ಅದು ಬೇಡ. ಅಂಕಿ ಹೇಳು, ಹಿಂದೆಯೇ ಕೆಲಸ ಹೇಳು. ‘ಸರ್, 90. ಮಾಸ್ಕ್ ಕೊಡ್ತಿದೀನಿ.’ ಮಾಸ್ಕ್ ಅವರ ಕೈಗೆ ತಾಗಬೇಕು. ಮಾತು ಇಳಿಯದಿದ್ದರೂ ಮುಟ್ಟಿದ್ದು ಇಳಿಯುತ್ತದೆ.

ಇನ್ನೊಂದು ವಿಷಯ. 78ರವರೆಗೆ ಕಾಯಬಾರದಿತ್ತು. 90ರವರೆಗೆ ತೀರ್ಥಹಳ್ಳಿ ರಸ್ತೆ, ಅಲ್ಲಿಂದ ಕೆಳಗೆ ಆಗುಂಬೆ ಘಾಟಿ. ಜೊತೆಗೆ ಬೆರಳಿನ ಪ್ರೋಬ್ ತೋರಿಸುವುದು ಸ್ವಲ್ಪ ಹಳೆಯ ಸುದ್ದಿ. ಅದರಲ್ಲಿ 86 ಅಂತ ಕಂಡಾಗ ನಿಜವಾದದ್ದು ಆಗಲೇ ಇನ್ನೂ ಕೆಳಗಿರುತ್ತದೆ. ನಮ್ಮ ದೇಶದ್ದೇ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ (ಟ್ಯೂಬ್ ಹಾಕುವುದು ಕಷ್ಟವಾದಾಗ ಏನು ಮಾಡಬೇಕು ಅಂತ ನೋಡುವ ವೈದ್ಯರ ಸಂಘ) 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸ್ಯಾಚುರೇಷನ್ 95ರ ಮೇಲಿದ್ದರೆ ಮಾತ್ರ ಮತ್ತೊಂದು ಪ್ರಯತ್ನ ಅನ್ನುತ್ತದೆ ಅದು. ಇಲ್ಲವಾದರೆ ಮೊದಲು ಆಕ್ಸಿಜನ್. ಟ್ಯೂಬ್ ಹೋಗದೆ ಯಾರೂ ಸಾಯುವುದಿಲ್ಲ, ಆಕ್ಸಿಜನ್ ಹೋಗದೆ ಸಾಯುತ್ತಾರೆ. ಪಿಜಿ ಮಾಡುವಾಗ ನಮ್ಮ ಮೇಡಂ ದಿನಾ ಹೇಳುತ್ತಿದ್ದ ಮಾತು ಇದು.

ಬೋಲ್ಟು ನಟ್ಟು

ಬಯೋಮೆಡಿಕಲ್ ಇಂಜಿನಿಯರ್ ನಾನು. ಒಂದೇ ಪ್ರಶ್ನೆ. 90ರ ಕೆಳಗೆ ಇಳಿದಾಗ ಮಾನಿಟರ್ ತಾನೇ ಕಿರುಚಬೇಕಿತ್ತಲ್ಲ? ಸೈಲೆಂಟ್ ಮಾಡಿದ್ದು ಯಾರು?

ಓಟಿ ಹುಡುಗಿ

ನಾನೇ. ನಮ್ಮ ಸರ್ಜನ್ ಸರ್‌ಗೆ ಆ ಬೀಪ್ ಸದ್ದು ಆಗುವುದಿಲ್ಲ. ಬೆಳಿಗ್ಗೆ ಮಷೀನ್ ಆನ್ ಮಾಡುವಾಗಲೇ ಮ್ಯೂಟ್ ಮಾಡಿಡುವುದು ಇಲ್ಲಿನ ಅಭ್ಯಾಸ.

ಬೋಲ್ಟು ನಟ್ಟು

ನೋಡಿ ಮತ್ತೆ. ಸ್ಯಾಚುರೇಷನ್ ಇಳಿದಂತೆ ಬೀಪ್‌ನ ಸ್ವರವೂ ಇಳಿಯುವ ಹಾಗೆ ಮಾಡಿರುವುದೇ ತಲೆ ಎತ್ತಿ ನೋಡಲಾಗದವರಿಗಾಗಿ. ಅದನ್ನು ಮುಚ್ಚಿ, ಆಮೇಲೆ ಒಬ್ಬ ಹುಡುಗಿ ಕೂಗಿದರೆ ಬೈಯುವುದು!

ದಾವಣಗೆರೆ ಟು ಲೀಡ್ಸ್

ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದಿಂದ ಅನಸ್ತೇಶಿಯಾ ಕೊಡುತ್ತಿದ್ದೇನೆ. ಇಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುವ ಒಂದು ಕೇಸ್ ಇದೆ. ನಿಮ್ಮ ಕಥೆ ಓದಿದ ತಕ್ಷಣ ಅದೇ ನೆನಪಾಯಿತು. ಉದ್ದ ಆಗುತ್ತದೆ, ಕ್ಷಮಿಸಿ.

2005ರ ಮಾರ್ಚ್ 29. ಎಲೈನ್ ಬ್ರೋಮಿಲಿ, 37 ವರ್ಷ, ಎರಡು ಚಿಕ್ಕ ಮಕ್ಕಳ ತಾಯಿ. ಸೈನಸ್‌ಗೆ ಒಂದು ಮಾಮೂಲಿ ಆಪರೇಷನ್. ಆರೋಗ್ಯವಾಗಿದ್ದ ಹೆಂಗಸು. ಅರಿವಳಿಕೆ ಕೊಟ್ಟ ಮೇಲೆ ಲ್ಯಾರಿಂಜಿಯಲ್ ಮಾಸ್ಕ್ (ಎಲ್‌ಎಂಎ, ಗಂಟಲೊಳಗೆ ಕೂರಿಸುವ ಗಾಳಿಯ ಮಾಸ್ಕ್) ಕೂರಲಿಲ್ಲ. ಟ್ಯೂಬೂ ಹೋಗಲಿಲ್ಲ. ಗಾಳಿಯೂ ಹೋಗುತ್ತಿಲ್ಲ. ಕೆಲವೇ ನಿಮಿಷದಲ್ಲಿ ಸ್ಯಾಚುರೇಷನ್ 40ಕ್ಕೆ ಇಳಿಯಿತು. ಇಬ್ಬರು ಅನಸ್ತೇಶಿಯಾ ತಜ್ಞರು, ಒಬ್ಬರು ಇಎನ್‌ಟಿ ಸರ್ಜನ್. ಮೂವರೂ ಅನುಭವಿಗಳು. ಸಲಕರಣೆ ಚೆನ್ನಾಗಿತ್ತು. ಆದರೂ ಕತ್ತಿನಲ್ಲಿ ತೂತು ಮಾಡಿ ಗಾಳಿ ಕೊಡುವುದನ್ನು ಬಿಟ್ಟು ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಸುಮಾರು ಇಪ್ಪತ್ತು ನಿಮಿಷ ಆಕ್ಸಿಜನ್ ಆ ಮಟ್ಟದಲ್ಲೇ ಇತ್ತು. ಹದಿಮೂರು ದಿನದ ನಂತರ ಆಕೆ ತೀರಿಕೊಂಡರು.

ಈಗ ನಿಮಗೆ ಸಂಬಂಧಿಸಿದ್ದು ಹೇಳುತ್ತೇನೆ. ಆ ಕೋಣೆಯಲ್ಲಿದ್ದ ನರ್ಸ್‌ಗಳಿಗೆ ಏನಾಗುತ್ತಿದೆ ಅಂತ ಗೊತ್ತಾಗಿತ್ತು. ಒಬ್ಬರು ಟ್ರೇಕಿಯಾಸ್ಟಮಿ ಸೆಟ್ (ಕತ್ತಿನಲ್ಲಿ ತೂತು ಮಾಡುವ ಸಲಕರಣೆ) ತಂದು ‘ತಂದಿದ್ದೇನೆ’ ಅಂತ ಹೇಳಿದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಕೇಳಿದರು. ಡಾಕ್ಟರುಗಳು ‘ಇಷ್ಟಕ್ಕೆಲ್ಲ ಯಾಕೆ’ ಅನ್ನೋ ಥರ ನೋಡಿದ್ದಕ್ಕೆ ಮತ್ತೆ ಫೋನ್ ಮಾಡಿ ಬೆಡ್ ಬೇಡ ಅಂದರು. ಗೊತ್ತಿದ್ದವರ ಬಾಯಿ ಕಟ್ಟಿತ್ತು, ಬಾಯಿ ಇದ್ದವರ ಕಣ್ಣು ಕಟ್ಟಿತ್ತು.

ಆಕೆಯ ಗಂಡ ಮಾರ್ಟಿನ್ ಬ್ರೋಮಿಲಿ ವಿಮಾನದ ಪೈಲಟ್. ವಿಮಾನದಲ್ಲಿ ಅವಘಡ ಆದರೆ ತನಿಖೆ ತಾನಾಗಿಯೇ ನಡೆಯುತ್ತದೆ, ಇಲ್ಲೂ ಹಾಗೇ ಇರಬಹುದು ಅಂದುಕೊಂಡಿದ್ದರು. ಇರಲಿಲ್ಲ. ಅವರೇ ಬೆನ್ನು ಹತ್ತಿ ಸ್ವತಂತ್ರ ತನಿಖೆ ಮಾಡಿಸಿದರು. ಡಾಕ್ಟರುಗಳಿಗೆ ಶಿಕ್ಷೆ ಕೊಡಿಸುವುದು ಅವರಿಗೆ ಬೇಕಿರಲಿಲ್ಲ. 2007ರಲ್ಲಿ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಅಂತ ಒಂದು ಸಂಘಟನೆ ಕಟ್ಟಿದರು. ಇವತ್ತು ಇಲ್ಲಿ ಟ್ಯೂಬ್ ಪ್ರಯತ್ನ ಮೂರು, ಕೈ ಪಳಗಿದ ಇನ್ನೊಬ್ಬರು ಬಂದರೆ ಮತ್ತೊಂದು, ಅಷ್ಟೇ. ಆಮೇಲೆ ‘ಇದು ಆಗಲಿಲ್ಲ’ ಅಂತ ಬಾಯಿಬಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಆ ವಾಕ್ಯ ಗಂಟಲಿನಿಂದ ಹೊರಗೆ ಬರುವುದೇ ಕಷ್ಟ.

ಟ್ಯೂಬ್ ಹಾಕಿದ ಮೇಲೆ ಯಾರು ಬೇಕಾದರೂ ಹೇಳಬಹುದಾದ ಇನ್ನೊಂದು ಮಾತನ್ನು ಇಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಾರೆ. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್‌ನಲ್ಲಿ ಅಲೆ ಬರಲಿಲ್ಲವಾ, ಟ್ಯೂಬ್ ತಪ್ಪು ಜಾಗದಲ್ಲಿದೆ ಅಂತಲೇ ತಿಳಿ. ಅಲ್ಲ ಅಂತ ಸಾಬೀತು ಮಾಡುವುದು ಹಾಕಿದವರ ಕೆಲಸ.

ಕತ್ತರಿ

ಸರ್ಜನ್ ಕಡೆಯಿಂದ ಒಂದು ಮಾತು. ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ.

ಓಟಿ ಅಂದರೆ ಸಂತೆ ಅಲ್ಲ. ಒಬ್ಬರು ಹೇಳಬೇಕು, ಉಳಿದವರು ಮಾಡಬೇಕು. ರೋಗಿಗೆ ಏನಾದರೂ ಆದರೆ ಕೋರ್ಟಿಗೆ ಹೋಗುವವರು ನಾವು, ಟೆಕ್ನಿಷಿಯನ್ ಅಲ್ಲ. ನಾಲ್ಕು ಜನ ನಾಲ್ಕು ಸಲಹೆ ಕೊಟ್ಟರೆ ಯಾರ ಮಾತು ಕೇಳೋದು? ಇಂಗ್ಲೆಂಡಿನಲ್ಲಿ ಪ್ರತಿ ಕೇಸಿಗೂ ತರಬೇತಿ ಪಡೆದ ಸಹಾಯಕರು ಇರುತ್ತಾರೆ. ಇಲ್ಲಿ ಎಷ್ಟೋ ಕಡೆ ‘ಟೆಕ್ನಿಷಿಯನ್’ ಅಂದರೆ ಹತ್ತನೇ ತರಗತಿ ಮುಗಿಸಿ ಓಟಿಯಲ್ಲೇ ಕಲಿತ ಹುಡುಗ. ಅವನು ಕೂಗಿದ ಅಂತ ನಾನು ಕತ್ತರಿ ಕೆಳಗಿಡಲಾ?

ನೈಟ್ ಡ್ಯೂಟಿ ಅಕ್ಕ

ಕತ್ತರಿ ಸರ್, ನೀವು ಸರ್ಕಾರಿ ಬಸ್ಸಿನಲ್ಲಿ ಓಡಾಡಿದ್ದೀರಿ ತಾನೇ? ಬಸ್ ಓಡಿಸುವವನು ಡ್ರೈವರೇ. ಆದರೆ ಹಿಂದಿನಿಂದ ಕಂಡಕ್ಟರ್ ‘ಹೋಲ್ಡಾನ್’ ಅಂದರೆ ಅವನು ಮೊದಲು ಬ್ರೇಕ್ ಹಾಕುತ್ತಾನೆ, ಆಮೇಲೆ ಯಾಕೆ ಅಂತ ಕೇಳುತ್ತಾನೆ. ಕಂಡಕ್ಟರ್ ಎಷ್ಟು ಓದಿದ್ದಾನೆ ಅಂತ ಕೇಳುವುದಿಲ್ಲ. ಬಾಗಿಲಲ್ಲಿ ಯಾರ ಕಾಲು ಸಿಕ್ಕಿದೆ ಅನ್ನೋದು ಅವನಿಗೆ ಕಾಣುತ್ತದೆ, ಡ್ರೈವರಿಗೆ ಕಾಣುವುದಿಲ್ಲ, ಅಷ್ಟೇ.

ಇಪ್ಪತ್ತು ವರ್ಷ ಓಟಿ ಸಿಸ್ಟರ್ ನಾನು. ಆ ಹುಡುಗಿಗೆ ‘ಸುಮ್ನೆ ಇರು’ ಅಂದ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೋ ಒಮ್ಮೆ ಹಾಗೆ ಹೇಳಿರುತ್ತಾರೆ.

ಕತ್ತರಿ

ಬಸ್ಸಿನ ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಕಂಡಕ್ಟರ್ ಸುಮ್ನೆ ಸುಮ್ನೆ ಹೋಲ್ಡಾನ್ ಅನ್ನುವುದಿಲ್ಲ ಸಿಸ್ಟರ್.

ತಾಲ್ಲೂಕು ಡಾಕ್ಟ್ರು

ನೀವೆಲ್ಲ ತಜ್ಞರು. ನಾನು ಎಂಬಿಬಿಎಸ್ ಮಾಡಿ, ಆಮೇಲೆ ಸರ್ಕಾರದ ಎಲ್‌ಎಸ್‌ಎಎಸ್ (ಜೀವ ಉಳಿಸುವ ಅರಿವಳಿಕೆ ಕೌಶಲ) ತರಬೇತಿ ಮುಗಿಸಿದವನು. ನಮ್ಮ ಬ್ಯಾಚಿಗೆ 18 ವಾರ. ತುರ್ತು ಸಿಸೇರಿಯನ್‌ಗಳಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ರಾತ್ರಿ ಎರಡು ಗಂಟೆಗೆ ನನ್ನ ‘ತಂಡ’ ಅಂದರೆ ಒಬ್ಬ ಸ್ಟಾಫ್ ನರ್ಸ್ ಮತ್ತು ಒಬ್ಬ ಗ್ರೂಪ್ ಡಿ ಅಣ್ಣ.

ನಡೆದದ್ದು ಹೇಳುತ್ತೇನೆ. ಸ್ಪೈನಲ್‌ಗೆ (ಬೆನ್ನಿಗೆ ಕೊಡುವ ಅರಿವಳಿಕೆ) ಔಷಧಿ ಸಿರಿಂಜಿಗೆ ಎಳೆಯುತ್ತಿದ್ದೆ. ನಮ್ಮ ಸಿಸ್ಟರ್‌ಗೆ ಒಂದು ಅಭ್ಯಾಸ. ಆಂಪೂಲ್ (ಔಷಧಿಯ ಗಾಜಿನ ಸೀಸೆ) ಒಡೆದು ಹಿಡಿಯುವಾಗ ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಮಕ್ಕಳು ಮಗ್ಗಿ ಓದಿದ ಹಾಗೆ. ಮೊದಮೊದಲು ನನಗೆ ಕಿರಿಕಿರಿ ಆಗುತ್ತಿತ್ತು. ಅವತ್ತು ಅವರು ಓದಲು ಶುರು ಮಾಡಿ ‘ಟ್ರಾನೆಕ್ಸಾ...’ ಅಂತ ನಿಲ್ಲಿಸಿದರು. ಟ್ರೇಯಲ್ಲಿ ಸ್ಪೈನಲ್ ಔಷಧಿ ಬುಪಿವಕೇನ್ ಪಕ್ಕದಲ್ಲೇ ಟ್ರಾನೆಕ್ಸಾಮಿಕ್ ಆಂಪೂಲ್. ಹೆಚ್ಚುಕಮ್ಮಿ ಅದೇ ಗಾತ್ರ, ಅದೇ ಥರದ ಗಾಜು.

ಗೊತ್ತಿಲ್ಲದವರಿಗೆ: ಟ್ರಾನೆಕ್ಸಾಮಿಕ್ ರಕ್ತಸ್ರಾವ ನಿಲ್ಲಿಸುವ ಔಷಧಿ, ರಕ್ತನಾಳಕ್ಕೆ ಕೊಡುವಂಥದ್ದು. ಅದನ್ನು ಬೆನ್ನಿಗೆ ಕೊಟ್ಟರೆ ಫಿಟ್ಸ್ ಬರುತ್ತದೆ, ಹೃದಯದ ಬಡಿತ ಕೆಡುತ್ತದೆ, ಎಷ್ಟೋ ಜನ ಉಳಿಯುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಈ ಎಡವಟ್ಟು ಆಗಿ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತು.

ಅವತ್ತು ಹುಟ್ಟಿದ್ದು ಹೆಣ್ಣುಮಗು. ಈಗ ನಮ್ಮಲ್ಲಿ ಸ್ಪೈನಲ್ ಟ್ರೇ ಇರುವ ಟೇಬಲ್ ಮೇಲೆ ಟ್ರಾನೆಕ್ಸಾಮಿಕ್ ಇಡುವುದೇ ಇಲ್ಲ. ಬೇರೆ ಗೋಡೆ, ಬೇರೆ ಡ್ರಾಯರ್. ಇದಕ್ಕೆ ಆದೇಶ, ಬಜೆಟ್ ಏನೂ ಬೇಕಾಗಲಿಲ್ಲ.

ಪುರಾವೆ ಕೊಡ್ರಿ

ನಾನು ಸ್ವಲ್ಪ ತಣ್ಣೀರು ಎರಚುವವನು. ಕಥೆಗಳು ಚೆಂದ. ತಂಡ ಚೆನ್ನಾಗಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ ಅನ್ನೋದಕ್ಕೆ ಪುರಾವೆ ಅಷ್ಟು ಸಲೀಸಾಗಿಲ್ಲ ನೋಡ್ರಿ.

ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟನ್ನೇ ತಗೊಳ್ಳಿ, ಅಂದರೆ ಎಲ್ಲರೂ ನಿಂತು ಒಂದೊಂದಾಗಿ ಖಚಿತಪಡಿಸಿಕೊಳ್ಳುವ ಪಟ್ಟಿ. 2009ರಲ್ಲಿ ಬಂದ ಅಧ್ಯಯನ, ಎಂಟು ಊರುಗಳ ಆಸ್ಪತ್ರೆಗಳು, ಅದರಲ್ಲಿ ನವದೆಹಲಿಯೂ ಒಂದು. ಸಾವು ನೂರಕ್ಕೆ 1.5 ಇದ್ದದ್ದು 0.8 ಆಯಿತು. ತೊಡಕುಗಳು 11ರಿಂದ 7ಕ್ಕೆ ಇಳಿದವು. ಎಲ್ಲರೂ ಕುಣಿದರು. 2014ರಲ್ಲಿ ಕೆನಡಾದ ಒಂಟಾರಿಯೋದ 101 ಆಸ್ಪತ್ರೆಗಳಲ್ಲಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಇನ್ನೊಂದು. ಆಪರೇಷನ್ ಮಧ್ಯೆ ಅನಸ್ತೇಶಿಯಾ ಡಾಕ್ಟರ್ ಬದಲಾದರೆ ರೋಗಿಗೆ ಕೆಟ್ಟದ್ದು ಅಂತ 2018ರಲ್ಲಿ ಅದೇ ಒಂಟಾರಿಯೋದ ದೊಡ್ಡ ಅಧ್ಯಯನ ಹೇಳಿತು. 2022ರಲ್ಲಿ ಜರ್ಮನಿಯಲ್ಲಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಸುಮಾರು 1,800 ಜನರಲ್ಲಿ ಪರೀಕ್ಷಿಸಿದರೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ‘ಟೀಮ್ ವರ್ಕ್, ಟೀಮ್ ವರ್ಕ್’ ಅಂತ ಬ್ಯಾನರ್ ಕಟ್ಟುವ ಮುಂಚೆ ಸ್ವಲ್ಪ ತಡೀರಿ.

ನೈಟ್ ಡ್ಯೂಟಿ ಅಕ್ಕ

ಪುರಾವೆ ಸರ್, ಒಂಟಾರಿಯೋ ಗೊತ್ತಿಲ್ಲ. ನಮ್ಮಲ್ಲಿ ಯಾಕೆ ವ್ಯತ್ಯಾಸ ಕಾಣಲ್ಲ ಅಂತ ನಾನು ಹೇಳುತ್ತೇನೆ. ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಬೆಳಗಿನ ಲಿಸ್ಟಿನ ಆರು ಕೇಸ್‌ಗಳ ಚೆಕ್‌ಲಿಸ್ಟನ್ನು ಊಟ ಆದ ಮೇಲೆ ಒಟ್ಟಿಗೆ ಕೂತು ತುಂಬುತ್ತಿದ್ದೆವು. ಒಂದೇ ಪೆನ್ನು, ಒಂದೇ ಕೈಬರಹ. ಇನ್‌ಸ್ಪೆಕ್ಷನ್‌ಗೆ ಬಂದವರು ಫೈಲ್ ನೋಡಿ ‘ತುಂಬಾ ನೀಟಾಗಿದೆ’ ಅಂತ ಹೊಗಳಿ ಹೋದರು. ಕಾಗದ ಅಲ್ಲ ಸರ್ ಕೆಲಸ ಮಾಡುವುದು. ಆ ಒಂದು ನಿಮಿಷ ಎಲ್ಲರೂ ಕೈ ನಿಲ್ಲಿಸಿ ಮಾತಾಡುತ್ತಾರಾ ಇಲ್ಲವಾ, ಅದು.

ಪುರಾವೆ ಕೊಡ್ರಿ

ಇದನ್ನು ಒಪ್ಪುತ್ತೇನೆ ಅಕ್ಕಾರ. ನನ್ನ ತಕರಾರು ಕಾಗದದ ಮೇಲೇ. ಹಳೆಯದೊಂದು ಅಧ್ಯಯನ ನಿಮ್ಮ ಕಡೆಗಿದೆ, ಅದನ್ನೂ ಹೇಳಿಬಿಡುತ್ತೇನೆ. 1978ರಲ್ಲಿ ಬಾಸ್ಟನ್ನಿನ ಜೆಫ್ರಿ ಕೂಪರ್ ಅನ್ನೋ ಇಂಜಿನಿಯರ್ ಅರಿವಳಿಕೆ ಕೊಡುವವರನ್ನೆಲ್ಲ ಕೂರಿಸಿ ‘ಎಲ್ಲಿ ಎಡವಿದಿರಿ ಹೇಳಿ’ ಅಂತ ಕೇಳಿದ. ತಪ್ಪಿಸಬಹುದಾಗಿದ್ದ 359 ಘಟನೆಗಳು ಸಿಕ್ಕವು. ಅದರಲ್ಲಿ ನೂರಕ್ಕೆ 82 ಮನುಷ್ಯರದೇ ತಪ್ಪು. ಮಷೀನ್ ಕೆಟ್ಟದ್ದು ಕಡಿಮೆ. ಉಸಿರಿನ ಸರ್ಕ್ಯೂಟ್ (ಮಷೀನಿನ ಕೊಳವೆ) ಕಳಚಿದ್ದು, ಸಿರಿಂಜ್ ಅದಲುಬದಲಾದದ್ದು, ಇಂಥವೇ. ಅವನೇ ಆಮೇಲೆ ಇನ್ನೊಂದು ನೋಡಿದ: ಮಧ್ಯದಲ್ಲಿ ಬದಲಿಗೆ ಬಂದವರಿಂದ ತಪ್ಪಾದದ್ದಕ್ಕಿಂತ, ಮೊದಲಿನವರ ತಪ್ಪನ್ನು ಅವರು ಹಿಡಿದದ್ದೇ ಜಾಸ್ತಿ. ಹೊಸ ಕಣ್ಣು ಅಂದರೆ ಹೊಸ ಕಣ್ಣೇ.

ಪಿಜಿ ಕೂಸು

ಎರಡನೇ ವರ್ಷದ ಪಿಜಿ. ನಮ್ಮಲ್ಲಿ ಬೊಂಬೆ ಇಟ್ಟು ಸಿಮ್ಯುಲೇಷನ್ ಮಾಡಿಸುತ್ತಾರೆ. ಅಮೆರಿಕದಲ್ಲಿ ಡೇವಿಡ್ ಗಾಬಾ ಅನ್ನೋವರು ಪೈಲಟ್‌ಗಳ ತರಬೇತಿ ನೋಡಿ ಅನಸ್ತೇಶಿಯಾಗೆ ತಂದ ಪದ್ಧತಿಯಂತೆ. ಕಳೆದ ತಿಂಗಳು ಮೇಡಂ ಬೇಕಂತಲೇ ಒಂದು ತಪ್ಪು ಮಾಡಿದರು. ಅಡ್ರಿನಲಿನ್ ಹತ್ತು ಪಟ್ಟು ಜಾಸ್ತಿ ಹೇಳಿದರು. ನಾವು ನಾಲ್ವರಿದ್ದೆವು. ನಾಲ್ವರಿಗೂ ಗೊತ್ತಾಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನಂತೂ ‘ಮೇಡಂಗೆ ಗೊತ್ತಿಲ್ಲದ್ದು ನನಗೆ ಗೊತ್ತಾ’ ಅಂದುಕೊಂಡು ಇಂಜೆಕ್ಷನ್ ಕೊಟ್ಟೇಬಿಟ್ಟೆ. ಪಾಪ ಬೊಂಬೆ.

ಆಮೇಲೆ ಮೇಡಂ ನಾಲ್ಕು ಮೆಟ್ಟಿಲು ಹೇಳಿಕೊಟ್ಟರು. ಮೊದಲು ಕೇಳು: ‘ಮೇಡಂ, ಒಂದು ಎಂಜಿನಾ?’ ಆಗಲಿಲ್ಲವಾ, ಎಚ್ಚರಿಸು: ‘ಅದು ಜಾಸ್ತಿ ಆಗುತ್ತೆ ಅನ್ಸುತ್ತೆ.’ ಆಗಲೂ ಕೇಳಲಿಲ್ಲವಾ, ಎದುರು ನಿಲ್ಲು: ‘ಮೇಡಂ, ಒಂದು ನಿಮಿಷ ನಿಲ್ಲಿಸಿ, ಡೋಸ್ ನೋಡೋಣ.’ ಕೊನೆಯದು: ‘ನಾನು ಇದನ್ನು ಕೊಡಲ್ಲ.’ ಎರಡನೇ ಮೆಟ್ಟಿಲಿನ ಮೇಲೆ ನನ್ನ ಕಾಲು ನಡುಗುತ್ತದೆ, ಸುಳ್ಳು ಯಾಕೆ ಹೇಳಲಿ.

ಮಲೆನಾಡ ಅರಿವಳಿಕೆ

ಕಾಲು ನಡುಗುವುದು ಮೇಡಂ ಎದುರಿಗೆ. ಆ ಮೇಡಂ ದಿನಾ ನಿಮ್ಮ ಜೊತೆಗೇ ಇರುತ್ತಾರೆ, ಇವತ್ತಲ್ಲ ನಾಳೆ ಅಭ್ಯಾಸ ಆಗುತ್ತದೆ. ಓಟಿ ಹುಡುಗಿಯ ಕಷ್ಟ ಬೇರೆ. ನಮ್ಮ ಜಿಲ್ಲೆಗಳಲ್ಲಿ ನಡೆಯುವ ಅರಿವಳಿಕೆಯಲ್ಲಿ ತಂಡ ಅನ್ನೋದು ಇರುವುದೇ ಇಲ್ಲ. ಓಟಿ ಬಾಗಿಲಲ್ಲಿ ಹುಟ್ಟುತ್ತದೆ, ಎರಡು ಗಂಟೆ ಇರುತ್ತದೆ, ರೋಗಿ ಕಣ್ಣು ಬಿಟ್ಟಾಗ ಮುಗಿಯುತ್ತದೆ. ನಾನೇ ಒಂದು ದಿನಕ್ಕೆ ಮೂರು ನರ್ಸಿಂಗ್ ಹೋಮ್ ಸುತ್ತಿದವನು. ಒಂದು ಕಡೆ ಸಕ್ಷನ್ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ. ಎಷ್ಟೋ ಸಲ ಸಹಾಯಕ್ಕೆ ನಿಂತವರ ಹೆಸರೂ ಕೇಳಿಲ್ಲ. ಹೆಸರು ಗೊತ್ತಿಲ್ಲದವರು ಕೂಗಿದರೆ ಅದು ಗಲಾಟೆ ಥರ ಕೇಳಿಸುತ್ತದೆ. ಬೈದದ್ದು ತಪ್ಪು, ಆದರೆ ಆ ಸಿಟ್ಟಿನಲ್ಲಿ ಅರ್ಧ ಅವರ ಹೆದರಿಕೆಯೇ ಇತ್ತು.

ಹಾಗಾಗಿ ನಾನು ಹೇಳುವುದು ಇಷ್ಟೇ ತಾಯಿ. ಜಗಳ ರೋಗಿ ಮಲಗಿದ ಮೇಲೆ ಬೇಡ, ಮಲಗುವ ಮುಂಚೆಯೇ ಒಪ್ಪಂದ ಆಗಲಿ. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಡುತ್ತಾ ಮೂರು ನಿಮಿಷ ಸುಮ್ಮನೆ ನಿಂತಿರುತ್ತೇವಲ್ಲ, ಅದೇ ಸಮಯ. ‘ಸರ್, ಟ್ಯೂಬ್ ಕಷ್ಟ ಆದರೆ ಮುಂದೆ ಏನು? ಬೂಜಿ, ಎಲ್‌ಎಂಎ ಇಲ್ಲಿದೆ. ಎಷ್ಟಕ್ಕೆ ಇಳಿದರೆ ಹೇಳಲಿ?’ ಅಂತ ಕೇಳು. ಎಷ್ಟು ಅಂತ ಅವರ ಬಾಯಿಂದಲೇ ಬರಲಿ. ಆಮೇಲೆ ನೀನು ಕೂಗಿದರೂ ಅದು ಅವರ ಮಾತೇ.

ಮೈಸೂರು ಅಪ್ಪ

ನಾನು ಡಾಕ್ಟರ್ ಅಲ್ಲ. ಮುಂದಿನ ತಿಂಗಳು ಮಗಳಿಗೆ ಟಾನ್ಸಿಲ್ ಆಪರೇಷನ್. ಇದನ್ನೆಲ್ಲ ಓದಿ ನಿದ್ದೆ ಹೋಯಿತು. ಸರ್ಜನ್ ಯಾರು ಅಂತ ನಾಲ್ಕು ಕಡೆ ವಿಚಾರಿಸಿದ್ದೆ. ಅರಿವಳಿಕೆ ಯಾರು ಕೊಡುತ್ತಾರೆ ಅಂತ ಕೇಳಬೇಕು ಅಂತಲೇ ಹೊಳೆದಿರಲಿಲ್ಲ.

ದಾವಣಗೆರೆ ಟು ಲೀಡ್ಸ್

ಹೆದರಬೇಡಿ ಸರ್. ಆರೋಗ್ಯವಾಗಿರುವ ಮಗುವಿಗೆ ಇಂಥ ತೊಂದರೆ ತುಂಬಾ ಅಪರೂಪ. ಅರಿವಳಿಕೆ ಡಾಕ್ಟರ್ ಹಿಂದಿನ ದಿನವೇ ಮಗುವನ್ನು ನೋಡುತ್ತಾರಾ ಅಂತ ಕೇಳಿ. ಆಪರೇಷನ್ ಮುಗಿದು ಎಚ್ಚರ ಆಗುವವರೆಗೆ ಪಕ್ಕದಲ್ಲಿ ಯಾರಿರುತ್ತಾರೆ ಅಂತಲೂ ಕೇಳಿ. ಟಾನ್ಸಿಲ್‌ನಲ್ಲಿ ಆಮೇಲಿನ ಹೊತ್ತೂ ಮುಖ್ಯ. ಶೀತ, ಜ್ವರ ಇದ್ದರೆ ಮುಚ್ಚಿಡದೆ ಹೇಳಿ.

ಓಟಿ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಅದೇ ಸರ್ ಗುರುವಾರ ಹರ್ನಿಯಾ ಕೇಸಿಗೆ ಬಂದರು. ಎದೆ ಡವಡವ. ಮಾಸ್ಕ್ ಹಿಡಿದಾಗ ಕೇಳಿಯೇಬಿಟ್ಟೆ. ‘ಸರ್, ಬೂಜಿ, 4ರ ಎಲ್‌ಎಂಎ ಟ್ರೇ ಮೇಲಿದೆ. 92ಕ್ಕೆ ಹೇಳಲಾ?’ ಒಂದು ಸಲ ಮುಖ ನೋಡಿದರು. ‘93ಕ್ಕೆ ಹೇಳು’ ಅಂದರು. ಟ್ಯೂಬ್ ಒಂದೇ ಸಲಕ್ಕೆ ಹೋಯಿತು. ಹೇಳುವ ಪ್ರಸಂಗವೇ ಬರಲಿಲ್ಲ.

ಶನಿವಾರ ಇನ್ನೊಬ್ಬರು ಬಂದರು. ಅವರಿಗೂ ಅದನ್ನೇ ಕೇಳಿದೆ. ‘ಏನಮ್ಮಾ, ನನಗೇ ವೈವಾ ತಗೊಳ್ತಿದೀಯಾ?’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಬೂಜಿ ತೆಗೆದು ಅವರಿಗೆ ಕಾಣುವ ಜಾಗದಲ್ಲೇ ಇಟ್ಟೆ.

ಅಲಾರಂ ಈಗ ಮ್ಯೂಟ್ ಮಾಡುತ್ತಿಲ್ಲ. ಸರ್ಜನ್ ಸರ್ ಇನ್ನೂ ಗಮನಿಸಿಲ್ಲ, ಸದ್ದು ಸಣ್ಣದಾಗಿ ಇಟ್ಟಿದ್ದೇನೆ.

ಬೋಲ್ಟು ನಟ್ಟು

ಸಣ್ಣದಾಗಿ ಬೇಡ. ತಲೆ ಬಗ್ಗಿಸಿದವರಿಗೂ ಕೇಳಬೇಕು.

ಕತ್ತರಿ

ನಾನೂ ನಮ್ಮ ಓಟಿಯಲ್ಲಿ ಸೋಮವಾರದಿಂದ ಆ ಬೀಪ್ ಆನ್ ಇಡಿಸಿದ್ದೇನೆ. ಮೂರು ದಿನಕ್ಕೇ ತಲೆನೋವು. ಇನ್ನೊಂದು ವಾರ ನೋಡುತ್ತೇನೆ.